ನಿಂಬೆಹಣ್ಣು ಹಾಗೇ ಇದೆ

ರೀ,

ಗ್ಯಾರೇಜ್ ಬಾಗಿಲು ತೆಗೆದು ಕಿರುಚಬೇಡಿ. ನಿಮ್ಮ ಹಳೇ ಕೆಂಪು ಕಾರಿನ ಹಿಂಭಾಗ ನೆಗ್ಗಿದೆ, ಹಿಂದಿದ್ದ ಫ್ರೀಜರ್ ಕೂಡ. ನನಗೇನೂ ಆಗಿಲ್ಲ.

ಆಯುಧಪೂಜೆ ಅಲ್ಲವೇ? ನೀವು ಬರುವುದು ತಡವೆಂದು ನಾನೇ ಕಾರಿಗೆ ಕುಂಕುಮ ಹಚ್ಚಿ, ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟು, ಫಸ್ಟ್ ಗೇರ್ ಹಾಕಿದೆ. ಗೇರಿನ ಹಿಡಿಯ ಮೇಲೆ ‘1’ ಎಂದು ಬರೆದಿರುವ ಕಡೆಗೇ ಹಾಕಿದ್ದು. ಕಾರು ಹಿಂದಕ್ಕೆ ಹಾರಿತು!

ಸದ್ದು ಕೇಳಿ ಪಕ್ಕದ ಮನೆ ರಮಾನಾಥ ಅಂಕಲ್ ಓಡಿ ಬಂದರು. "ಎಂತದಮ್ಮಾ, ಇದು ಹೊಸ ಗೇರ್‌ಬಾಕ್ಸ್, ರಿವರ್ಸ್ ಇರೋದೇ ಅಲ್ಲಿ! ಹಿಡಿ ಮಾತ್ರ ಹಳೇದು. ನಿಮ್ಮೆಜಮಾನ್ರು ತಿಂಗಳಿಡೀ ಹಗಲೆಲ್ಲಾ ಗ್ಯಾರೇಜಲ್ಲೇ ಇದ್ದು ಕೂರಿಸಿದ್ರಲ್ಲ, ಹೇಳ್ಲಿಲ್ವಾ?"

ಹಗಲೆಲ್ಲಾ! ಟೈ ಕಟ್ಟಿಕೊಂಡು ಮ್ಯಾನ್‌ಹಟನ್ ಟ್ರೇನಿಗೆ ಹೊರಡುವವರು, ನಾನು ಕೆಲಸಕ್ಕೆ ಹೋದ ಮೇಲೆ ವಾಪಸ್ ಬರುತ್ತಿದ್ದಿರಾ? ಟೀವಿಯಲ್ಲಿ ಬ್ಯಾಂಕುಗಳು ಮುಳುಗುವಾಗ "ನಮ್ ಡಿಪಾರ್ಟ್‌ಮೆಂಟ್‌ಗೆ ಏನೂ ಆಗಲ್ಲ ಬಿಡೇ" ಅಂದವರು ನೀವೇ ಅಲ್ಲವೇ? ಕೆಲಸ ಹೋಗಿದ್ದನ್ನು ನನ್ನ ಹತ್ತಿರವೂ ಹೇಳಬಾರದಿತ್ತೇ? ಇವತ್ತು ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಪಾಪ, ಬೆಳಗಿನಿಂದ ಎಲ್ಲಿ ಅಲೆಯುತ್ತಿದ್ದೀರೋ.

ಅಕ್ಷಿತಾಳನ್ನು ಡ್ಯಾನ್ಸ್ ಕ್ಲಾಸಿನಿಂದ ಕರೆತರಲು ಹೋಗಿದ್ದೇನೆ. ಅವಳ ಮುಂದೆ ಏನೂ ಎತ್ತಬೇಡಿ. ಹುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಊಟ ಮಾಡಿ. ನಾಳೆ ಟೈ ಕಟ್ಟಬೇಡಿ.

ನಿಂಬೆಹಣ್ಣು ನೆಲದ ಮೇಲೆ ಹಾಗೇ ಇದೆ, ತೆಗೆಯಬೇಡಿ. ನಾನು ಬಂದ ಮೇಲೆ ಪಕ್ಕದಲ್ಲಿ ಕೂತು ಹೇಳಿಕೊಡಿ, ಈ ಕಾರು ಮುಂದಕ್ಕೆ ಹೋಗುವುದು ಹೇಗೆ ಅಂತ.

ಭಾನು