ಬೇಲಿಯ ಪಕ್ಕ ಇಳಿಯುವ ವಿಮಾನ

ಮಾರ್ಚ್ ೧೨

ಪ್ರೀತಿಯ ಮಗಳೇ (ಸೊಸೆ ಎಂದು ಬರೆಯಲು ಕೈ ಬರುವುದಿಲ್ಲ),

ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಮರುಮದುವೆಗೆ ಒಪ್ಪಿಗೆ ಕೇಳಿದ್ದಕ್ಕೆ ನನಗೆ ಸಿಟ್ಟು ಬಂತೆಂದು ಮಾತ್ರ ತಿಳಿಯಬೇಡ. ನನ್ನ ಮಗ ಹೋದನೆಂದು ನೀನು ಒಬ್ಬಳೇ ಸವೆಯುವುದನ್ನು ನೋಡುತ್ತಾ ಕೂರಲು ನನಗೇನು ಹುಚ್ಚೇ? ಖಂಡಿತ ಮದುವೆಯಾಗು. ತಡವಾದದ್ದು ನೀನು ಕಳಿಸಿದ ವಿಮಾನದಿಂದ.

ಪೆಟ್ಟಿಗೆ ಬಿಚ್ಚಿದೆ. ಅವನು ಕೈಯಾರೆ ಮಾಡಿದ ಆಟದ ವಿಮಾನ, ಮೂತಿ ಜಜ್ಜಿ, ಎಡರೆಕ್ಕೆ ಮುರಿದು ಮಲಗಿತ್ತು. ನೀನು ಹಾರಿಸಲು ಹೋಗಿ ನೀರಿನ ಟ್ಯಾಂಕಿಗೆ ಗುದ್ದಿಸಿದ್ದಕ್ಕೆ ಅಷ್ಟೊಂದು ಕ್ಷಮೆ ಕೇಳಬೇಕೇ? ಹೊಸ ಮನೆಗೆ ಒಯ್ಯಬೇಕು, ಬೇಗ ಸರಿಮಾಡಿ ಕಳಿಸಿ ಎಂದು ನೀನೇ ಬರೆದಿದ್ದೆ.

"ಅಂಗಿ ಹೊಲಿಯೋಳಿಗೆ ವಿಮಾನದ ಗಿರಾಕಿ ಬಂತು ನೋಡು" ಎಂದು ನಿನ್ನ ಮಾವ ರೇಗಿಸಿದರು. ಮುರಿದ ರೆಕ್ಕೆಯ ಕಡ್ಡಿಗಳನ್ನು ಅಂಟಿಸಿದೆ. ತೆಳು ಕಾಗದ ಹೊದಿಸಿ, ನೀರು ಚಿಮುಕಿಸಿ ಬಿಗಿಯಾಗಲು ಬಿಟ್ಟೆ. ಮುರಿಯದ ಬಲರೆಕ್ಕೆಯೂ ಸ್ವಲ್ಪ ತಿರುಚಿಕೊಂಡಿತ್ತು. ದರ್ಜಿಯ ಕೈ, ಸೊಟ್ಟ ಕಂಡರೆ ಸುಮ್ಮನಿರುತ್ತದೆಯೇ? ಹಬೆ ಹಿಡಿದು, ಬಟ್ಟೆ ಕತ್ತರಿಸುವ ಹಲಗೆಗೆ ಗುಂಡುಸೂಜಿಯಿಂದ ಚುಚ್ಚಿಟ್ಟು ನೆಟ್ಟಗೆ ಮಾಡಿದೆ.

ಮೈದಾನದಲ್ಲಿ ಎಸೆದರೆ ನೇರವಾಗಿ ಹೋಯಿತು. ಹೋಗುತ್ತಲೇ ಇತ್ತು. ಮೊದಲೆಲ್ಲ ಒಂದು ಸುತ್ತು ಹಾಕಿ ಅವನ ಕೈಗೇ ಬರುತ್ತಿತ್ತಲ್ಲ? ನಿನ್ನ ಮಾವ ಮಂಡಿನೋವು ಮರೆತು ಓಡಿಹೋಗಿ ತಂದರು.

"ಬೇಕಂತಲೇ ತಿರುಚಿದ್ದ ಕಣೇ ಅವನು. ಓಡೋಕೆ ಸೋಮಾರಿ."

ಇಬ್ಬರೂ ನಕ್ಕೆವು. ಆಮೇಲೆ ಅವರು ಹುಲ್ಲಿನ ಮೇಲೆ ಕುಳಿತುಬಿಟ್ಟರು. ಅವನ ಕೈಗುಣ ಉಳಿದಿದ್ದದ್ದು ಆ ಸೊಟ್ಟಿನಲ್ಲಿ. ಅದನ್ನು ನಾನೇ ಇಸ್ತ್ರಿ ಮಾಡಿದ ಹಾಗೆ ಅಳಿಸಿದ್ದೆ.

ಮತ್ತೆ ಹಬೆ ಹಿಡಿದು ಅಂದಾಜಿನಲ್ಲಿ ತಿರುಚಿದೆ. ಈಗ ತಿರುಗಿ ಬರುತ್ತದೆ, ಆದರೆ ನನ್ನ ಕೈಗಲ್ಲ. ಮೈದಾನದ ಬೇಲಿಯ ಪಕ್ಕ, ಅಲ್ಲಿ ಯಾರೋ ನಿಂತಿರುವ ಹಾಗೆ, ಮೆತ್ತಗೆ ಇಳಿಯುತ್ತದೆ. ಎಲ್ಲಿ ನಿಂತು ಎಸೆದರೂ ಅಷ್ಟೇ. ಗಾಳಿ ಎಂದುಕೊಂಡೆ. ಎಲೆ ಅಲುಗದ ದಿನವೂ ಅಲ್ಲಿಗೇ ಹೋಯಿತು. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ?

ಇದರ ಜೊತೆಗೆ ಬರುವ ಪೆಟ್ಟಿಗೆಯನ್ನು ಜೋಪಾನವಾಗಿ ಬಿಚ್ಚು. ಇಬ್ಬರೂ ನೂರು ಕಾಲ ನಗುನಗುತ್ತಾ ಬಾಳಿ.

ಇನ್ನೂ ನಿನ್ನವಳೇ ಆದ
ಅತ್ತೆ

ಇನ್ನೊಂದು ಮಾತು: ಪೆಟ್ಟಿಗೆಯಲ್ಲಿರುವುದು ವಿಮಾನವಲ್ಲ, ನಿನ್ನ ಮದುವೆಗೆಂದು ನಾನು ಹೊಲಿದ ಉಡುಪು. ವಿಮಾನ ಕಳಿಸಲಾರೆ, ಕ್ಷಮಿಸು. ದಿನಾ ಸಂಜೆ ನಿನ್ನ ಮಾವ ಬೇಲಿಯ ಪಕ್ಕ ಕೈ ಚಾಚಿ ನಿಲ್ಲುತ್ತಾರೆ. ಅದು ಬಂದು ಕೈ ಸೇರಿದಾಗಲೆಲ್ಲ, "ಬಂದ್ಯೇನೋ? ಯಾಕೋ ಇಷ್ಟು ತಡ?" ಎನ್ನುತ್ತಾರೆ. ನಾನು ಮತ್ತೆ ಎಸೆಯುತ್ತೇನೆ.