ಅಮ್ಮ ಕೂತ ಮೆಟ್ಟಿಲು

ಪಾರಮರಿಬೊ ಬಂದರು, ಹಾಲೆಂಡಿನ ವಸಾಹತು, ೧೯೧೧

ಮಾರ್ಚ್ ೬, ಸೋಮವಾರ
ಹೊಳೆದಡದ ಮೆಟ್ಟಿಲ ಮೇಲೆ ಕೂತು ಮಾರಿದ ಮೊದಲ ಬುಟ್ಟಿ ಬೆಳಿಗ್ಗೆಯೇ ಖಾಲಿ. ರಬ್ಬರ್ ಹಾಲು ಇಳಿಸಲು ಕಾಡಿಗೆ ಹೊರಟ ಗಂಡಸರು ದೋಣಿ ಹತ್ತುವ ಮೊದಲು ಮರಗೆಣಸಿನ ರೊಟ್ಟಿ ಕಟ್ಟಿಸಿಕೊಂಡರು. ಒಬ್ಬ ಚೌಕಾಸಿಗಿಳಿದ. ಕಾಡಲ್ಲಿ ಕೋತಿಗಳು ಅಗ್ಗಕ್ಕೆ ಮಾರುತ್ತವೆ, ಹೋಗು ಅಂದೆ. ನಕ್ಕು ಕೇಳಿದಷ್ಟು ಕೊಟ್ಟ.

ಆಮೇಲೆ ಹೊಸ ಬಂದರು ಅಧಿಕಾರಿ ಬೂಮನ್ ಬಂದ. ಹಾಲೆಂಡಿನಿಂದ ಬಂದು ತಿಂಗಳಾಗಿಲ್ಲ, ಹೊಳೆ ಯಾವಾಗ ಉಬ್ಬುತ್ತದೆ ಅಂತಲೂ ಗೊತ್ತಿಲ್ಲ — ಬೂಟು ಒದ್ದೆ. ಆರ್ಡರ್ ಮಾತ್ರ ಜೋರು. ಪ್ರಯಾಣಿಕರ ಹಡಗು ಇನ್ನು ಇಲ್ಲೇ ನಿಲ್ಲುತ್ತದಂತೆ. ದೊರೆಸಾನಿಯರ ಕಣ್ಣಿಗೆ ನಾವು ಬೀಳಬಾರದಂತೆ. ನಾಳೆಯಿಂದ ಮಾರುವ ಹೆಂಗಸರೆಲ್ಲ ಮಾರ್ಕೆಟ್ಟಿನ ಹಿಂದೆ, ಮೀನು ತೊಳೆಯುವ ಕಡೆ.

ಏಳಲ್ಲ. ಅಮ್ಮ ಗುಲಾಮಳಾಗಿದ್ದಾಗ ಇದೇ ಮೆಟ್ಟಿಲ ಮೇಲೆ ಕೂತು ಒಡತಿಯ ರೊಟ್ಟಿ ಮಾರಿದಳು. ಬಿಡುಗಡೆಯಾದ ಮರುದಿನ ಇಲ್ಲೇ ಕೂತು ತನ್ನ ರೊಟ್ಟಿ ಮಾರಿದಳು. ಬೂಮನ್ ಅಂದ ಅಂತ ಎದ್ದು ಹೋಗಬೇಕಾ?

ಮಾರ್ಚ್ ೭
ಪಕ್ಕದಲ್ಲಿ ಬಾಳೆಹಣ್ಣು ಕರಿಯುವ ಅಡ್ಯೂಬಾ ಬಾಣಲೆ ಹೊತ್ತು ಮಾರ್ಕೆಟ್ಟಿನ ಹಿಂದೆ ಹೋದಳು. ಚಿಕ್ಕಂದಿನಿಂದ ಜೊತೆಗಿದ್ದವಳು!

"ನನಗೆ ಜಗಳ ಬೇಡ ಕಣೇ ಕ್ವಾಸಿಬಾ."

"ಹೋಗು, ಮೀನಿನ ಕರುಳಿನ ಜೊತೆ ಸುಖವಾಗಿರು" ಅಂದೆ. ಎದೆ ಉರಿಯಿತು. ಇನ್ನು ಅವಳ ಜೊತೆ ಮಾತಿಲ್ಲ. ಉಳಿದವರೂ ಒಬ್ಬೊಬ್ಬರೇ ಜಾರಿಕೊಂಡರು.

ಮಾರ್ಚ್ ೮
ತಲೆವಸ್ತ್ರಕ್ಕೆ ಗಂಜಿ ಹಾಕಿ, ತುದಿಗಳು ಹಿಂದೆ ಸೆಟೆದು ನಿಲ್ಲುವಂತೆ ಕಟ್ಟಿದೆ. ಈ ಕಟ್ಟಿನ ಹೆಸರು "ಆಡಿಕೊಳ್ಳಲಿ ಬಿಡು". ಒಂದೊಂದು ಕಟ್ಟಿಗೂ ಒಂದೊಂದು ಮಾತು; ಊರಿನ ಹೆಂಗಸರೆಲ್ಲ ಓದಬಲ್ಲರು. ಹಮಾಲರು ಓದಿ ಮುಸಿಮುಸಿ ನಕ್ಕರು. ಬೂಮನ್‌ಗೆ ಅರ್ಥವಾಗಲಿಲ್ಲ — ಮಧ್ಯಾಹ್ನ ಊಟಕ್ಕೆ ಹೋದಾಗ ಅಡುಗೆಯವಳು ಹೇಳಿದಳಂತೆ. ಕೆಂಪಾಗಿ ವಾಪಸು ಬಂದ.

"ನಿನ್ನ ತಲೆ ನನಗೇನು ಹೇಳ್ತಿದೆ?"

"ಗೊತ್ತಾಗೇ ಬಂದಿದ್ದೀರಲ್ಲ ದೊರೆ, ಮತ್ತೆ ಯಾಕೆ ಕೇಳ್ತೀರಿ?"

ಬಿಚ್ಚು ಅಂದ. ಬಿಚ್ಚಲಿಲ್ಲ. ನಾಳೆ ಪೊಲೀಸರನ್ನು ಕರೆತರುತ್ತಾನಂತೆ. ತರಲಿ...

ಮಾರ್ಚ್ ೧೩
ಇವತ್ತು ಠಾಣೆಯಿಂದ ಬಿಟ್ಟರು. ಒಂಬತ್ತನೇ ತಾರೀಕು ಪೊಲೀಸರು ಹಿಡಿದಾಗಲೇ ರೊಟ್ಟಿ, ಬುಟ್ಟಿ ಎಲ್ಲ ಹೊಳೆಗೆಸೆದಿದ್ದರು. ತಲೆವಸ್ತ್ರ ಕಿತ್ತುಕೊಂಡು ಬರಿತಲೆಯಲ್ಲಿ ಠಾಣೆಯವರೆಗೆ ನಡೆಸಿದ್ದರು. ನಾಚಿಕೆ ಅವರಿಗಾಗಬೇಕು. ಆದರೂ ನನಗೇ ಆಯಿತು, ಅತ್ತುಬಿಟ್ಟೆ.

ಸೀದಾ ಮೆಟ್ಟಿಲಿಗೆ ಬಂದೆ. ನನ್ನ ಜಾಗದಲ್ಲಿ ಅಡ್ಯೂಬಾ! ಬಾಣಲೆ ಹೂಡಿ ಕೂತಿದ್ದಾಳೆ. ಮೈಯೆಲ್ಲ ಉರಿಯಿತು. ಇದು ನನ್ನ ಜಾಗ ಅಂದೆ.

"ಗೊತ್ತು ಕಣೇ. ನಿನ್ನನ್ನ ಎಳ್ಕೊಂಡು ಹೋದಾಗಿಂದ ಕಾಯ್ತಿದ್ದೀನಿ. ಖಾಲಿ ಬಿಟ್ಟಿದ್ರೆ ಆ ಬೂಮನ್ ಬೇಲಿ ಹಾಕ್ಬಿಡ್ತಿದ್ದ."

ಕೆನ್ನೆಯ ಮೇಲೆ ಬಾಸುಂಡೆ. ಯಾರು ಹೊಡೆದರು ಅಂತ ಕೇಳಬೇಕಾಗಲಿಲ್ಲ. ಅವಳು ಹೋದ ದಿನ ಆಡಿದ ಮಾತು ನೆನೆದು ನಾಲಿಗೆ ಕಚ್ಚಿಕೊಂಡೆ. ಅವಳು ಸೊಂಟದಿಂದ ಒಂದು ತಲೆವಸ್ತ್ರ ತೆಗೆದು, ಎಲ್ಲರೆದುರಿಗೇ ನನ್ನ ತಲೆಗೆ ಕಟ್ಟಿದಳು. ಅದೇ ಕಟ್ಟು. ಆಮೇಲೆ ಇಬ್ಬರೂ ತುಂಬ ಅತ್ತೆವು, ಬಾಳೆಹಣ್ಣು ಸೀದುಹೋಯಿತು.

ಮಾರ್ಚ್ ೧೪, ಬೆಳಿಗ್ಗೆ, ಮೆಟ್ಟಿಲ ಮೇಲೆ
ಸಾಲವಾಗಿ ತಂದ ಬುಟ್ಟಿ. ರೊಟ್ಟಿ ಬಿಸಿಯಾಗಿದೆ. ಮಾರ್ಕೆಟ್ಟಿನ ಹಿಂದಿದ್ದವರೆಲ್ಲ ವಾಪಸು. ಕೂರಲು ಜಾಗವಿಲ್ಲ, ಒಬ್ಬರಿಗೊಬ್ಬರು ಒತ್ತಿಕೊಂಡಿದ್ದೇವೆ. ಯಾರ ತಲೆ ನೋಡಿದರೂ ಅದೇ ಕಟ್ಟು. ಹಡಗು ಹೊಳೆಯ ತಿರುವಿನಲ್ಲಿ ಕಾಣಿಸಿತು. ದೊರೆಸಾನಿಯರು ನೋಡಲಿ, ಕೊಂಡುಕೊಳ್ಳಲಿ.

ಬೂಮನ್ ಇಳಿದು ಬರುತ್ತಿದ್ದಾನೆ. ಹಿಂದೆ ಪೊಲೀಸರು — ಈ ಸಲ ಲಾಠಿ ಇದೆ. ಹೆದರಿಕೆ ಆಗುತ್ತಿದೆ. ಏಳಲ್ಲ.

ಅಡ್ಯೂಬಾ ಅಂತಾಳೆ, ಬರೆದಿದ್ದು ಸಾಕು, ಕೈ ಹಿಡ್ಕೋ ಅಂ—