ಮರ್ಮರ್ ಎಂಬ ಪದಕ್ಕೆ ಅರ್ಥ

ದೊಡ್ಡಬಳ್ಳಾಪುರ
೧೬-೮-೧೯೭೨

ಪ್ರೀತಿಯ ವೆಂಕಟ,

ಹೇಗಿದ್ದೀಯಪ್ಪ? ಅಸ್ಸಾಮಿನ ತೇಜಪುರದ ಮಳೆಗೆ ಮೊಣಕಾಲು ನೋವು ಹೆಚ್ಚಿತೇ? ಮಿಲಿಟರಿ ಲಾರಿ ಓಡಿಸುವವನಿಗೆ ಕಾಲೇ ಬಂಡವಾಳ, ಹುಷಾರು. ನಿನ್ನ ಅಮ್ಮ ಗಟ್ಟಿಯಾಗಿದ್ದಾಳೆ. ನನಗೆ ಆಯಾಸ, ಅಷ್ಟೇ. ಪಾಠ ಹೇಳುವುದನ್ನು ಬಿಟ್ಟ ಮೇಲೆಯೇ ಮೇಷ್ಟರಿಗೆ ದಣಿವು ಹೆಚ್ಚುತ್ತದೆಂದು ಯಾರೂ ಹೇಳಿರಲಿಲ್ಲ.

ವಿಷಯ ನಿನ್ನ ಮಗಳದು. ದೇವಿ ಶಾಲೆಯಿಂದ ಬರುವಾಗ ದಾರಿಯಲ್ಲಿ ಅಲ್ಲಲ್ಲಿ ಕೂತುಬಿಡುತ್ತಾಳೆ. ಸೋಮಾರಿತನವೆಂದು ನಾನೇ ಗದರುತ್ತಿದ್ದೆ. ಹೋದ ವಾರ ಜ್ವರ ಬಂದಾಗ ಡಾಕ್ಟರರನ್ನು ಮನೆಗೇ ಕರೆತಂದೆ. ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಏನೂ ಕೇಳಿಸಲಿಲ್ಲ. ನಮ್ಮ ಬೀದಿ ನಿನಗೆ ಗೊತ್ತಲ್ಲ, ಎರಡೂ ಮಗ್ಗುಲಲ್ಲಿ ಕರೆಂಟು ಮಗ್ಗ, ಗೋಡೆಯೇ ಅದುರುತ್ತದೆ. ಪಕ್ಕದ ಮನೆಯ ಪಾಪಯ್ಯನಿಗೆ ಹೇಳಿದೆ. ಪುಣ್ಯಾತ್ಮ, ತನ್ನದನ್ನು ನಿಲ್ಲಿಸಿದ್ದಲ್ಲದೆ ಸಾಲಿನುದ್ದಕ್ಕೂ ಓಡಿ ಎಲ್ಲರದನ್ನೂ ನಿಲ್ಲಿಸಿಬಿಟ್ಟ. ಕೆಲಸದ ದಿನ ನಮ್ಮಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಬೀದಿಯಲ್ಲಿ ಸಾವಾದಾಗ ಮಾತ್ರ. ಡಾಕ್ಟರರು ಇನ್ನೂ ಕಿವಿಗೊಟ್ಟು ಕೂತಿರುವಾಗಲೇ ಹಿಂದಿನ ಬೀದಿಯ ಅಕ್ಕಯಮ್ಮ ಸೆರಗು ಬಾಯಿಗೊತ್ತಿಕೊಂಡು ಬಂದು, "ಯಾರವ್ವಾ ಹೋಗಿದ್ದು?" ಎಂದಳು. ಅವಳ ಹಿಂದೆ ನಾಲ್ಕಾರು ಜನ, ಒಬ್ಬನ ಹೆಗಲ ಮೇಲೆ ಆಗಲೇ ಬಿದಿರು. ಅನುಸೂಯ ಮಗುವನ್ನು ಬಾಚಿ ತಬ್ಬಿಕೊಂಡು, "ಯಾರೂ ಹೋಗಿಲ್ಲ, ಎಲ್ರೂ ಆಚೆ ನಡೀರಿ!" ಎಂದು ಕೂಗಿದಳು. ನಿನ್ನ ಹೆಂಡತಿ ಗಂಟಲೆತ್ತಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

ಡಾಕ್ಟರರು ಜಗಲಿಗೆ ಬಂದು ನನಗೆ ಇಂಗ್ಲಿಷಿನಲ್ಲಿ ಹೇಳಿದರು. ಹೃದಯದಲ್ಲಿ ಮರ್ಮರ್ ಇದೆಯಂತೆ. ತೊರೆಯ ಸದ್ದು ಎಂದು ಆ ಪದವನ್ನು ಎಷ್ಟೋ ತರಗತಿಗಳಿಗೆ ಹೇಳಿಕೊಟ್ಟಿದ್ದೇನೆ, ಎದೆಯಲ್ಲೂ ಇರುತ್ತದೆಂದು ಗೊತ್ತಿರಲಿಲ್ಲ. ದಪ್ಪ ನಿಘಂಟು ಇಳಿಸಿಕೊಂಡು ಕೂತೆ. ಜೇನುಹುಳುಗಳ ಗುಂಯ್‌ಗುಡುವಿಕೆ, ಪಿಸುಮಾತು, ಗೊಣಗಾಟ (ಇದು ನಿನ್ನ ಅಮ್ಮನ ಖಾತೆ), ಎಲ್ಲಕ್ಕೂ ಕೊನೆಯಲ್ಲಿ ಹೃದಯದ ಸದ್ದು. ಪದ ಬಂದದ್ದು ಲ್ಯಾಟಿನ್ನಿನಿಂದ. ಗ್ರೀಕರಲ್ಲಿ ಇದರ ನಂಟಿನ ಮಾತಿಗೆ ನೀರು ಕುದಿದು ಮೊರೆಯುವುದೆಂಬ ಅರ್ಥ. ನಮ್ಮ ಸಂಸ್ಕೃತದ ಮರ್ಮರ, ಗಾಳಿಗೆ ಎಲೆಗಳು ಮಾಡುವ ಸದ್ದು, ಅದೂ ಇದೇ ಬಳಗ. ಕಿವಿಗೆ ಕೇಳಿದ್ದನ್ನೇ ಬಾಯಿ ಅಂದದ್ದು, ಎಲ್ಲ ದೇಶದಲ್ಲೂ. ಅಷ್ಟು ಹೊತ್ತು ದಣಿವೇ ಮರೆತುಹೋಗಿತ್ತು. ಖುಷಿಯಿಂದ ಇದನ್ನೆಲ್ಲ ಅನುಸೂಯಳಿಗೆ ಹೇಳಿದೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ಕೈ ನಿಲ್ಲಿಸಿ, "ಎಲ್ಲಿಂದ ಬಂತು ಅಂತ ನೋಡಿದ್ರಲ್ಲ ಮಾವ, ಹೋಗೋದು ಹೆಂಗೆ ಅಂತ ಅದ್ರಲ್ಲಿ ಬರ್ದವ್ರಾ?" ಎಂದಳು. ನನಗೆ ನಾಚಿಕೆಯಾಯಿತು. ನಿಘಂಟನ್ನು ಎತ್ತಿಟ್ಟುಬಿಟ್ಟೆ.

ಟಾನಿಕ್ ಕೊಡುತ್ತಿದ್ದೇವೆ. ಜ್ವರ ಇಳಿದಿದೆ. ಮಕ್ಕಳ ಎದೆಯಲ್ಲಿ ಇಂಥ ಸದ್ದು ಇರುವುದುಂಟು, ಬೆಳೆಯುತ್ತಾ ತಾನೇ ಹೋಗುವುದೂ ಉಂಟು. ಚಿಂತೆ ಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ನೆನೆದ ಬಟ್ಟೆಯಲ್ಲಿ ಇರಬೇಡ. ಅಮ್ಮನ ಆಶೀರ್ವಾದ, ದೇವಿಯ ಮುತ್ತು. ದೇವರು ನಿನ್ನನ್ನು ತಂಪಾಗಿಟ್ಟಿರಲಿ.

ನಿನ್ನ ಅಪ್ಪ,
ಗೋಪಾಲಪ್ಪ

ಮರುಬರಹ: ಇದನ್ನು ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ಅನುಸೂಯಳಿಗೆ ಓದಿ ಹೇಳಿದ್ದೇನೆ, ಇದನ್ನು ಅವಳು ಕೇಳಿಲ್ಲ. ಡಾಕ್ಟರರು ಅಂದು ಹೇಳಿದ್ದು ಆ ಒಂದೇ ಪದವಲ್ಲ. ಹೃದಯದಲ್ಲಿ ತೂತು ಇದ್ದ ಹಾಗಿದೆ, ಬೇಗ ವೆಲ್ಲೂರಿಗೆ ಕರೆದೊಯ್ದು ಆಪರೇಷನ್ ಮಾಡಿಸದಿದ್ದರೆ ಮಗು ಉಳಿಯುವುದು ಕಷ್ಟ ಎಂದರು. ಅವಳು ಪಕ್ಕದಲ್ಲೇ ನಿಂತು, "ಏನಂದ್ರು ಮಾವ?" ಎಂದು ಕೇಳಿದಳು. ನಾನು ಮರ್ಮರ್ ಒಂದಕ್ಕೇ ಅರ್ಥ ಹೇಳಿದೆ. ಉಳಿದದ್ದನ್ನು ಕನ್ನಡದಲ್ಲಿ ಹೇಳಲು ನನ್ನ ಕೈಲಾಗಲಿಲ್ಲ ಕಣೋ. ರಜೆ ಹಾಕಿ ಬಂದುಬಿಡು. ಅವಳಿಗೆ ನೀನೇ ಹೇಳು.